ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ, ಇಬ್ಬರು ಚಿಕ್ಕ ಮಕ್ಕಳು. ಮ್ಯಾನೇಜ್‌ಮೆಂಟ್ ಅಪ್ರೆಂಟಿಸ್‌ಶಿಪ್‌ಗೆ ಈಗಲೇ ಸೇರಲಾ, ಮಕ್ಕಳು ದೊಡ್ಡವರಾಗಲಿ ಅಂತ ಕಾಯಲಾ?

ಸೋಮವಾರಪೇಟೆ ಕಡೆಯ ತೋಟ, ಕಂಪನಿಯವರು 18 ತಿಂಗಳ ತರಬೇತಿಗೆ ಕರೆದಿದ್ದಾರೆ, ‘ಹೆಂಡತಿ ಹೇಗೋ ಹೊಂದಿಸಿಕೊಳ್ಳುತ್ತಾಳೆ’ ಅಂತ ಬರೆದಿದ್ದೀರಿ. ಓದಿ ನಗು ಬಂತು. ಸುಂಟಿಕೊಪ್ಪದ ಹತ್ತಿರ ನಾನೂ ಇದೇ ಕೆಲಸದಲ್ಲಿದ್ದೆ. ಹೊಂದಿಸಿಕೊಳ್ಳುವ ಹೆಂಡತಿ ಮಾತ್ರ ನನಗೆ ಇರಲಿಲ್ಲ, ಆ ಹೆಂಡತಿ ನಾನೇ.

ತರಬೇತಿಗೆ ಸೇರಿದ್ದು 2015ರ ಜೂನ್‌ನಲ್ಲಿ. ಮಗಳಿಗೆ ಆರು, ಮಗನಿಗೆ ಎರಡು. ಯಜಮಾನರು ಬಾಡಿಗೆ ಜೀಪ್ ಓಡಿಸುತ್ತಿದ್ದರು. ಅಸಿಸ್ಟೆಂಟ್ ಮ್ಯಾನೇಜರ್ ಆಗಬೇಕಾದರೆ ಒಂದು ಡೈರಿ ಬರೆಯಬೇಕಿತ್ತು. ವಾರದಲ್ಲಿ ಏನು ಕೆಲಸ ನಡೆಯಿತು, ಎಷ್ಟು ಆಳು, ಎಷ್ಟು ಖರ್ಚು, ನೀವು ಏನು ತೀರ್ಮಾನ ಮಾಡಿದಿರಿ, ಯಾಕೆ. ತಿಂಗಳ ಕೊನೆಗೆ ಮ್ಯಾನೇಜರ್ ಸಹಿ. ಅದರಲ್ಲಿ ಒಂದು ಪೂರ್ತಿ ಕೊಯ್ಲು ಇರಲೇಬೇಕು. ಇಂಟರ್‌ವ್ಯೂ ವರ್ಷಕ್ಕೆ ಒಂದೇ ಸಲ, ಜನವರಿಯಲ್ಲಿ.

ಅಕ್ಟೋಬರ್‌ವರೆಗೆ ಚೆನ್ನಾಗಿಯೇ ಬರೆದೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತು. ನಿಮಗೆ ಹೇಳಬೇಕಾ? ಬೆಳಿಗ್ಗೆ ಹಾಜರಿ, ಸಂಜೆ ಒಬ್ಬೊಬ್ಬರ ಚೀಲದ ತೂಕ. ಆಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ಅವತ್ತು ಕೊಯ್ದ ಹಣ್ಣು ಅವತ್ತೇ ಹೋಗಬೇಕು. ಮನೆ ಸೇರುವಾಗ ಎಂಟೂವರೆ, ಮಗ ಅತ್ತೆ ಮಡಿಲಲ್ಲಿ ನಿದ್ದೆ ಹೋಗಿರುತ್ತಿದ್ದ. ಆಗ ನಾನೊಂದು ಜಾಣತನ ಮಾಡಿದೆ. ಡೈರಿಯನ್ನು ಬೀರುವಿನಲ್ಲಿಟ್ಟು, ಚಿಕ್ಕ ನೋಟ್‌ಬುಕ್‌ನಲ್ಲಿ ದಿನಕ್ಕೆ ಎರಡು ಮೂರು ಪದ ಗೀಚತೊಡಗಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಕೂತು ಬರೆದರಾಯಿತು ಅಂತ.

ನನ್ನ ತಪ್ಪು ಇದೊಂದೇ. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ.

ಮಾರ್ಚ್‌ವರೆಗೆ ಇನ್ನೊಂದು ಬಗೆಯ ಕಾಫಿ, ರೋಬಸ್ಟಾದ ಕೊಯ್ಲು. ಅದು ಮುಗಿಯುವ ಮೊದಲೇ ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ ಅಂತ ಸ್ಪ್ರಿಂಕ್ಲರ್, ಡೀಸೆಲ್ ಲೆಕ್ಕ. ಐದು ತಿಂಗಳ ಪುಟ ಖಾಲಿ. ಮೇ ತಿಂಗಳಲ್ಲಿ ಮ್ಯಾನೇಜರ್‌ಗೆ ಚಿಕ್ಕಮಗಳೂರು ಕಡೆಗೆ ವರ್ಗವಾಯಿತು. ಜೂನ್‌ನಲ್ಲಿ ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಮೇಣದಬತ್ತಿ ಹಚ್ಚಿಕೊಂಡು ಎಲ್ಲವನ್ನೂ ಬರೆದು ಹೊಸಬರ ಮುಂದಿಟ್ಟೆ. ‘ನಾನು ಕಾಣದ ಕೊಯ್ಲಿಗೆ ಸಹಿ ಹೇಗೆ ಹಾಕಲಿ?’ ಅಂದರು. ಸಿಟ್ಟು ಬಂತು. ಅವರು ಸುಮ್ನೆ ಒಂದು ಪುಟ ತೆರೆದು ಕೇಳಿದರು: ‘ಡಿಸೆಂಬರ್ 9ಕ್ಕೆ ಪಲ್ಪಿಂಗ್ ನಡುವೆಯೇ ನಿಲ್ಲಿಸಿದ್ದೀರಿ. ಯಾಕೆ?’

ನನಗೆ ಗೊತ್ತಿರಲಿಲ್ಲ. ನೀರು ಕಮ್ಮಿಯಾಗಿತ್ತಾ, ಹಸಿರು ಕಾಯಿ ಜಾಸ್ತಿ ಬಂದಿತ್ತಾ, ಪಲ್ಪರ್ ಕೆಟ್ಟಿತ್ತಾ? ನೋಟ್‌ಬುಕ್‌ನಲ್ಲಿ ಇದ್ದದ್ದು ‘ಪಲ್ಪಿಂಗ್ ನಿಲ್ಲಿಸಿದೆ, ಕಾರಣ ಆಮೇಲೆ’ ಅಂತ ಮಾತ್ರ. ಎಷ್ಟು ಆಳು ಬಂದಿದ್ದರು ಅನ್ನೋದು ಚೆಕ್‌ರೋಲ್‌ನಲ್ಲಿ ಸಿಗುತ್ತದೆ, ಎಷ್ಟು ಕೆ.ಜಿ. ಅನ್ನೋದು ತೂಕದ ಪುಸ್ತಕದಲ್ಲಿ. ಯಾಕೆ ಹಾಗೆ ಮಾಡಿದೆ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಡೈರಿ ಕೇಳುತ್ತಿದ್ದದ್ದು ಅದನ್ನೇ. ನಾನು ಒಬ್ಬ ಒಳ್ಳೆ ರೈಟರ್ ಬರೆಯುವಂಥ ಐದು ತಿಂಗಳ ಲೆಕ್ಕ ಬರೆದುಕೊಟ್ಟಿದ್ದೆ, ಅಷ್ಟೇ.

ಬೇರೆ ಕೆಲಸವಾಗಿದ್ದರೆ ಮುಂದಿನ ತಿಂಗಳು ಸರಿಮಾಡಬಹುದಿತ್ತು. ಕಾಫಿ ಹಣ್ಣಾಗುವುದು ವರ್ಷಕ್ಕೆ ಒಂದೇ ಸಲ. ಮತ್ತೆ ನವೆಂಬರ್ ಬರಬೇಕಾಯಿತು. ಆ ಕೊಯ್ಲು ಮುಗಿಯುವ ಮೊದಲೇ ಜನವರಿಯ ಇಂಟರ್‌ವ್ಯೂ ಹೋಯಿತು. ಕೊನೆಗೆ ಕೂತಿದ್ದು 2018ರ ಜನವರಿಯಲ್ಲಿ. ನನ್ನ ಜೊತೆ ಸೇರಿದ ಹುಡುಗ ಅಷ್ಟರಲ್ಲಿ ನನಗೇ ಕೆಲಸ ಹೇಳುತ್ತಿದ್ದ.

ಎರಡನೇ ಸಲ ಡೈರಿ ಮನೆಗೆ ಒಯ್ಯಲೇ ಇಲ್ಲ. ಶನಿವಾರ ಬಟವಾಡೆ ಮುಗಿದ ಮೇಲೆ ಆಫೀಸಿನಲ್ಲೇ ಮುಕ್ಕಾಲು ಗಂಟೆ ಕೂತು ಬರೆದು, ತಿಂಗಳ ಕೊನೆಯ ದಿನ ಸಹಿ ಹಾಕಿಸಿಕೊಂಡೇ ಎದ್ದೆ.

ಇನ್ನು ಕಾಯುವ ವಿಷಯ. ಮಕ್ಕಳು ದೊಡ್ಡವರಾದರೆ ಪುರುಸೊತ್ತು ಸಿಗುತ್ತದೆ ಅಂತ ನಿಮಗೆ ಯಾರು ಹೇಳಿದರು? ಆ ಆರು ವರ್ಷದವಳು ಈಗ ಪಿಯುಸಿ, ಆಗಿನದಕ್ಕಿಂತ ಜಾಸ್ತಿ ತಲೆ ತಿನ್ನುತ್ತಾಳೆ. ಮಕ್ಕಳ ವಯಸ್ಸು ಬಿಡಿ, ಕೊಯ್ಲಿನ ಲೆಕ್ಕ ಹಾಕಿ. ಅಕ್ಟೋಬರ್‌ನಲ್ಲಿ ಸೇರಿಸಿಕೊಳ್ಳಿ ಅಂತ ಕೇಳಿ. 18 ತಿಂಗಳಲ್ಲಿ ಎರಡು ಕೊಯ್ಲು ಸಿಗುತ್ತದೆ, ಒಂದು ಕೈತಪ್ಪಿದರೂ ಇನ್ನೊಂದು ಇರುತ್ತದೆ. ಜೂನ್‌ನಲ್ಲಿ ಸೇರಿದ ನನಗೆ ಪೂರ್ತಿ ಸಿಕ್ಕಿದ್ದು ಒಂದೇ.

ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸೇರಿ ಅಂದರೆ ಮಾತ್ರ ಕಾಗದ ಓದದೆ ಸಹಿ ಹಾಕಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸೇರಿಸಿಕೊಂಡರೆ ನೀವು ತರಬೇತಿಯವರು, ಕಾರ್ಮಿಕರಲ್ಲ. ಬರುವುದು ಸಂಬಳವಲ್ಲ, ಸ್ಟೈಪೆಂಡ್. ನನ್ನದು ಸಂಬಳದ ಜೊತೆಗೇ ನಡೆದ ಕಂಪನಿ ತರಬೇತಿ, ಹಾಗಾಗಿ ಮನೆ ನಡೆಯಿತು.

ಹೆಂಡತಿಯವರ ವಿಷಯ ನಾನು ಜಾಸ್ತಿ ಹೇಳಬಾರದು, ಆದರೂ ಹೇಳುತ್ತೇನೆ. ಹೊಂದಿಸಿಕೊಳ್ಳುತ್ತಾಳೆ ಅಂತ ಅವರೇ ಹೇಳಿದರಾ, ನೀವೇ ಅಂದುಕೊಂಡಿರಾ? ಶನಿವಾರ ನೀವು ಮನೆಗೆ ಬರುವುದು ತಡವಾಗುತ್ತದೆ ಅಂತ ಸೇರುವ ಮೊದಲೇ ಹೇಳಿ. ಭಾನುವಾರ ಬೆಳಿಗ್ಗೆ ಮಕ್ಕಳು ನಿಮ್ಮ ಪಾಲು.

ಆ ಚಿಕ್ಕ ನೋಟ್‌ಬುಕ್ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಡಿಸೆಂಬರ್ 9ಕ್ಕೆ ಪಲ್ಪಿಂಗ್ ಯಾಕೆ ನಿಲ್ಲಿಸಿದೆ ಅಂತ ಇವತ್ತಿಗೂ ನೆನಪಾಗಿಲ್ಲ.