ಅಜ್ಜಿ ‘ಬೇಡ’ ಅಂದರೆ?

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಸಹಜವೇ. ನೀವು ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೀರಿ. ಮರೆವಿನ ಕಾಯಿಲೆ ಇರುವ ಅಜ್ಜಿಯೊಬ್ಬರು ಸ್ನಾನ ಬೇಡ ಅಂತಾರೆ. ಮಗ ‘ಎತ್ತಿಕೊಂಡು ಹೋಗಿ ಮಾಡಿಸಿ’ ಅಂತಾರೆ. ಮೇಲಿನವರು ‘ಕಾನೂನಿದೆ, ಹುಷಾರು’ ಅಂತಾರೆ. ‘ಪ್ರೀತಿಯಿಂದ ಮಾಡೋ ಕೆಲಸಕ್ಕೆ ಕಾನೂನು ಯಾಕೆ ಅಡ್ಡ ಬರಬೇಕು?’ ಎಂದು ಕೇಳಿದ್ದೀರಿ.

ಅಡ್ಡ ಬರಲೇಬೇಕು ಅನ್ನುವವನು ನಾನು. ‘ನಿನ್ನ ಒಳ್ಳೆಯದಕ್ಕೇ’ ಅಂದುಕೊಂಡು ಕೈ ಹಿಡಿದು ಎಳೆಯುವುದು ಪ್ರೀತಿ ಇದ್ದಲ್ಲೇ ಜಾಸ್ತಿ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2005ರಲ್ಲಿ ಬಂದ ಮೆಂಟಲ್ ಕೆಪಾಸಿಟಿ ಆಕ್ಟ್ ನೋಡಿ. ಅದರ ಪ್ರಕಾರ ನಿರ್ಧರಿಸುವ ಶಕ್ತಿ ಎಲ್ಲರಿಗೂ ಇದೆ ಎಂದೇ ಮೊದಲು ನಂಬಬೇಕು, ಇಲ್ಲ ಎನ್ನುವವರು ಅದನ್ನು ತೋರಿಸಬೇಕು. ಅದೂ ಒಂದೊಂದು ವಿಷಯಕ್ಕೆ ಬೇರೆ ಬೇರೆಯಾಗಿ. ಬ್ಯಾಂಕ್ ಲೆಕ್ಕ ತಿಳಿಯದ ಅಜ್ಜಿಗೆ ಸ್ನಾನ ಈಗ ಬೇಕೋ ಬೇಡವೋ ತಿಳಿದಿರಬಹುದು, ಅಲ್ವಾ? ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇಂಥದ್ದೇ ಮಾತಿದೆ. ಚಿಕಿತ್ಸೆಯ ಬಗ್ಗೆ ಒಬ್ಬರು ಮಾಡಿದ ನಿರ್ಧಾರ ನಮಗೆ ತಪ್ಪು ಅನ್ನಿಸಿತು ಎಂದಮಾತ್ರಕ್ಕೆ ಅವರಿಗೆ ಬುದ್ಧಿ ಕೆಲಸ ಮಾಡುತ್ತಿಲ್ಲ ಅನ್ನುವಂತಿಲ್ಲ.

ಹಾಗಂತ ಸುಮ್ನೆ ಬಿಟ್ಟುಬಿಡಿ ಎಂದು ಯಾವ ಕಾನೂನೂ ಹೇಳುವುದಿಲ್ಲ. ಮೈಮೇಲೆ ಹುಣ್ಣಾಗಿ ಕೀವು ತುಂಬುತ್ತಿದೆ, ಅದು ಅಜ್ಜಿಗೆ ಅರ್ಥವಾಗುತ್ತಿಲ್ಲ ಅಂದರೆ ಮುಟ್ಟಲೇಬೇಕು. ಆಗಲೂ ಕಡಿಮೆ ಬಲವಂತದ ದಾರಿ ಮೊದಲು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುವಾಗ ಬಚ್ಚಲಿಗೆ ಎಳೆಯುವಂತಿಲ್ಲ.

ಏಳಲಾಗದಂತೆ ಕುರ್ಚಿಯ ಮುಂದೆ ಸಿಕ್ಕಿಸುವ ಟ್ರೇ, ಹೊರಗಿನಿಂದ ಹಾಕುವ ಚಿಲಕ ಇವೆಲ್ಲ ನಮಗೆ ‘ಸುರಕ್ಷತೆ’. ಅವರಿಗೆ ಅದು ಬಂಧನವಲ್ಲವೇ? 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಶ್ನೆ ಬಂತು. ಒಳ್ಳೆಯ ಆರೈಕೆಯನ್ನೇ ಪಡೆಯುತ್ತಿದ್ದ, ಆದರೆ ಸದಾ ಕಾವಲಿನಲ್ಲಿದ್ದ, ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲದ ಮೂವರ ಪ್ರಕರಣ ಅದು. ಚಿನ್ನದ ಪಂಜರವಾದರೂ ಪಂಜರವೇ ಎಂದರು ನ್ಯಾಯಮೂರ್ತಿ ಲೇಡಿ ಹೇಲ್.

ಎಲ್ಲವನ್ನೂ ಬರೆದಿಡಬೇಕು ಎಂಬ ನಿಮ್ಮ ಗೊಣಗಾಟ ಒಪ್ಪಿದೆ. ಆದರೆ ‘ಹಠ ಮಾಡಿದರು’ ಅಂತ ಬರೆಯಬೇಡಿ. ‘8ಕ್ಕೆ ಬೇಡ ಅಂದರು, 11ಕ್ಕೆ ಕೇಳಿದಾಗ ಒಪ್ಪಿದರು’ ಅಂತ ಬರೆಯಿರಿ. ರಾತ್ರಿ ಪಾಳಿಯವರಿಗೂ ಅದು ಉಪಯೋಗಕ್ಕೆ ಬರುತ್ತದೆ. ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮನ್ನು ಕಾಯುವುದೂ ಅದೇ ಸಾಲು.

ಮಗು ಗುಟ್ಟಾಗಿ ಹೇಳಿದ್ದನ್ನು ಮುಚ್ಚಿಡಬಹುದಾ ಎಂದೂ ನೀವು ಕೇಳಿದ್ದೀರಿ. ಅದಕ್ಕೆ ಉತ್ತರ ಚಿಕ್ಕದು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಮಗು ಗುಟ್ಟಾಗಿ ಹೇಳಿದರೂ ಅದನ್ನು ಮುಚ್ಚಿಡುವಂತಿಲ್ಲ. ಭಾರತದ ಪೋಕ್ಸೊ ಕಾಯ್ದೆ, 2012ರ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ‘ಯಾರಿಗೂ ಹೇಳಲ್ಲ’ ಅಂತ ಮಗುವಿಗೆ ಮಾತು ಕೊಡಲೇಬೇಡಿ.

ಇನ್ನು ಆ ಮಗ. ಅವರ ಮೇಲೆ ರೇಗಬೇಡಿ. ತಾಯಿಯ ಪರವಾಗಿ ನಿರ್ಧರಿಸುವ ಅಧಿಕಾರಪತ್ರ ಇದೆಯಾ ಎಂದು ಕೇಳಿ. ಮಗ ಅನ್ನುವ ಒಂದೇ ಕಾರಣಕ್ಕೆ ಆ ಅಧಿಕಾರ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಜೊತೆಗೆ ಇನ್ನೊಂದನ್ನೂ ಕೇಳಿ: ಅಮ್ಮ ಮನೆಯಲ್ಲಿದ್ದಾಗ ಯಾವ ಹೊತ್ತಿಗೆ ಸ್ನಾನ ಮಾಡುತ್ತಿದ್ದರು?