ಮುಖ್ಯ ತಂಡಕ್ಕಲ್ಲ, ಅದಕ್ಕಿಂತ ಮೊದಲು ನುಡಿಸುವ ತಂಡಕ್ಕಾಗಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಬಹುದೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ರಾಕ್ ಕಾನ್ಸರ್ಟ್ ಒಂದಕ್ಕೆ ಹುಬ್ಬಳ್ಳಿಯಿಂದ ಹೋಗುವ ಮನಸ್ಸಿದೆ, ಆದರೆ ನಿಮ್ಮನ್ನು ಎಳೆಯುತ್ತಿರುವುದು ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿರುವ ತಂಡವಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರಿರುವ ಸಪೋರ್ಟ್ ಬ್ಯಾಂಡ್. ಅರ್ಧ ತಾಸಿನ ಸಲುವಾಗಿ ಪೂರ್ತಿ ಟಿಕೆಟ್ಟಿನ ಹಣ ಕೊಡುವುದು ಹುಚ್ಚುತನವೇ, ಆ ಅರ್ಧ ತಾಸು ಮುಗಿದ ಮೇಲೆ ಹೊರಟುಬಂದರೆ ಅದು ಅಮರ್ಯಾದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಧಾರವಾಡದವನು, 2011ರಲ್ಲಿ ಇದೇ ಹುಚ್ಚುತನವನ್ನು ಮಾಡಿದವನು. ಹೋಗಿ ಎಂದೇ ನನ್ನ ಉತ್ತರ. ಆದರೆ ಆ ಅರ್ಧ ತಾಸಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದುಕೊಂಡು ಹೋಗಿ.

ಆ ವರ್ಷದ ಅಕ್ಟೋಬರ್ 30ರ ರವಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ಕಾರ್ಯಕ್ರಮವಿತ್ತು. ಅವರಿಗಿಂತ ಮೊದಲು ನುಡಿಸಲಿದ್ದವರಲ್ಲಿ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ಎಂಬ ಮೂವರ ತಂಡವೂ ಇತ್ತು: ಹಾಡುಗಾರ ಹಾಗೂ ಗಿಟಾರ್ ವಾದಕ ಸೈಮನ್ ನೀಲ್, ಬೇಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸುವ ಅವಳಿ ಸಹೋದರರಾದ ಜೇಮ್ಸ್ ಮತ್ತು ಬೆನ್ ಜಾನ್‌ಸ್ಟನ್. ಗ್ಲಾಸ್ಗೊದಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಒಂದು ಪೆನ್‌ಡ್ರೈವಿನಲ್ಲಿ ಇವರ ಹಾಡುಗಳನ್ನು ತುಂಬಿಕೊಂಡು ಬಂದಿದ್ದ. ಮೊದಲ ಸಲ ಕೇಳಿದಾಗ ನನಗೆ ಹಿಡಿಸಿದ್ದು ಧ್ವನಿಯೂ ಅಲ್ಲ, ಮಾತೂ ಅಲ್ಲ, ಲೆಕ್ಕ. ಹುಡುಗನಾಗಿದ್ದಾಗ ಕೆಲವು ವರ್ಷ ತಬಲಾ ಕಲಿತವನು ನಾನು. ಏಳು ಮಾತ್ರೆಯ, ಅಂದರೆ ಏಳು ಎಣಿಕೆಯ ರೂಪಕ, ಹತ್ತು ಮಾತ್ರೆಯ ಝಪತಾಲ ಎಂಬ ತಾಳಗಳನ್ನು ತೊಡೆಯ ಮೇಲೆ ತಟ್ಟುತ್ತಾ ಬೆಳೆದವನಿಗೆ ರಾಕ್ ಸಂಗೀತದ ನಾಲ್ಕು-ನಾಲ್ಕರ ಬಡಿತ ಬಹುಬೇಗ ಬೇಸರ ತರಿಸುತ್ತದೆ. ಬಿಫಿ ಕ್ಲೈರೊದ ಮೊದಲ ಮೂರು ಆಲ್ಬಮ್‌ಗಳಲ್ಲಿ ಹಾಡು ನೇರ ದಾರಿಯಲ್ಲಿ ಹೋಗುವುದೇ ಅಪರೂಪ. ಎಣಿಸಲು ಕುಳಿತರೆ ಒಂದು ಮಾತ್ರೆ ಹೆಚ್ಚಿಗೆ ಬರುತ್ತದೆ, ಇಲ್ಲವೇ ಒಂದು ತಪ್ಪಿಹೋಗುತ್ತದೆ, ನಡುವೆಯೇ ಎಲ್ಲರೂ ಒಮ್ಮೆಲೇ ನಿಂತು ಮತ್ತೆ ಒಮ್ಮೆಲೇ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುತ್ತಾರೆ. ಇದನ್ನು ಮೂವರು ಎದುರಿಗೇ ನಿಂತು ಹೇಗೆ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಟ.

ಮನೆಯಲ್ಲಿ ಇದನ್ನು ವಿವರಿಸುವುದು ಸುಲಭವಾಗಿರಲಿಲ್ಲ. ದೀಪಾವಳಿ ಮುಗಿದು ಮೂರು ದಿನವೂ ಆಗಿರಲಿಲ್ಲ. "ಅಲ್ಲಪಾ, ಅರ್ಧಾ ತಾಸಿನ ಹಾಡಿನ ಸಲುವಾಗಿ ಬೆಂಗಳೂರತನಕಾ ಹೋಗ್ತಿಯೇನು, ಅದೂ ಯಾರೋ ಬ್ಯಾರೇದವರ ಕಾರ್ಯಕ್ರಮದಾಗ?" ಎಂದು ಅವ್ವ ಕೇಳಿದಳು. ಜೊತೆಗೆ ಇನ್ನೊಂದು ಅಳುಕೂ ಇತ್ತು. ದೇಶದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಯುತ್ತಿದ್ದ ಆ ವಾರ ಗುರಗಾಂವದಲ್ಲಿ ಶುಕ್ರವಾರ ಆಗಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ನಿಂತುಹೋಗಿ, ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿ ಸಾಮಾನುಗಳನ್ನು ಮುರಿದ ಸುದ್ದಿ ಬಂದಿತ್ತು. ಬೆಂಗಳೂರಿನದೂ ಹಾಗೆಯೇ ಆದರೆ? ಶನಿವಾರ ರಾತ್ರಿ ಹುಬ್ಬಳ್ಳಿ ನಿಲ್ದಾಣದಲ್ಲಿ ಹಬ್ಬ ಮುಗಿಸಿಕೊಂಡು ಬೆಂಗಳೂರಿನ ಕೆಲಸಗಳಿಗೆ ಮರಳುವವರ ಜಾತ್ರೆಯೇ ನೆರೆದಿತ್ತು. ಕಾಯ್ದಿರಿಸಿದ ಟಿಕೆಟ್ಟಿಲ್ಲದ ನಾನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ, ಯಾರದೋ ಕರಿಗಡಬಿನ ಡಬ್ಬಿ ಮತ್ತು ಅವಲಕ್ಕಿಯ ಚೀಲದ ನಡುವೆ, ಅರಸೀಕೆರೆ ಬರುವವರೆಗೂ ನಿಂತೇ ಹೋದೆ.

ಈಗ ನೀವು ತಿಳಿದುಕೊಳ್ಳಬೇಕಾದ ಸಂಗತಿ. ಸಪೋರ್ಟ್ ಬ್ಯಾಂಡ್ ನುಡಿಸುವುದು ತನ್ನ ವೇದಿಕೆಯಲ್ಲಲ್ಲ. ದೊಡ್ಡ ಕಾರ್ಯಕ್ರಮಗಳಲ್ಲಿ ಸೌಂಡ್ ಚೆಕ್ ಸಾಮಾನ್ಯವಾಗಿ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ: ಕೊನೆಗೆ ನುಡಿಸುವ ಮುಖ್ಯ ತಂಡ ಮೊದಲು ತನ್ನ ಸದ್ದನ್ನು ಹೊಂದಿಸಿಕೊಳ್ಳುತ್ತದೆ, ಎಲ್ಲರಿಗಿಂತ ಮೊದಲು ನುಡಿಸುವವರು ಎಲ್ಲರ ನಂತರ, ಸಮಯ ಉಳಿದರೆ ಹೊಂದಿಸಿಕೊಳ್ಳುತ್ತಾರೆ. ಹಿಂದಿನವರ ಕೆಲಸ ತಡವಾದರೆ ಇವರಿಗೆ ಸೌಂಡ್ ಚೆಕ್ಕೇ ಇಲ್ಲ, ಮೊದಲ ಹಾಡೇ ಸೌಂಡ್ ಚೆಕ್ಕು. ಮುಖ್ಯ ತಂಡದ ಡ್ರಮ್ಸ್ ಮತ್ತು ಸಲಕರಣೆಗಳು ಕರಿಬಟ್ಟೆ ಹೊದ್ದು ಹಿಂದೆ ನಿಂತಿರುವುದರಿಂದ ಇವರಿಗೆ ಉಳಿಯುವುದು ವೇದಿಕೆಯ ಮುಂದಿನ ಅಂಚಿನ ಕಿರಿದಾದ ಜಾಗ. ಹೊತ್ತು ಮುಳುಗುವ ಮೊದಲೇ ನುಡಿಸುವುದರಿಂದ ದೀಪಗಳ ಆಟವೂ ಇರುವುದಿಲ್ಲ, ಎಷ್ಟೋ ಸಲ ಪಕ್ಕದ ದೊಡ್ಡ ಪರದೆಗಳನ್ನೂ ಹಚ್ಚಿರುವುದಿಲ್ಲ. ಮನೆಯಲ್ಲಿ ಹೆಡ್‌ಫೋನಿನಲ್ಲಿ ಕೇಳಿದ ಸದ್ದನ್ನೇ ಅಲ್ಲಿ ನಿರೀಕ್ಷಿಸಿದರೆ ನಿರಾಶೆಯಾಗುವುದು ಖಂಡಿತ.

ಸಮಯದ ವಿಷಯದಲ್ಲಂತೂ ಕತ್ತರಿ ಬೀಳುವುದು ಇವರಿಗೇ. ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಿಶೇಷ ಪರವಾನಗಿಯ ಕೆಲವೇ ದಿನಗಳನ್ನು ಬಿಟ್ಟರೆ ಮುಗಿಯುವ ಹೊತ್ತು ಗಟ್ಟಿ. ಮಧ್ಯಾಹ್ನ ಮಳೆ ಬಂದೋ, ಜನರೇಟರ್ ಕೈಕೊಟ್ಟೋ ಎರಡು ತಾಸು ತಡವಾದರೆ ಆ ಎರಡು ತಾಸನ್ನು ಮುಖ್ಯ ತಂಡದಿಂದ ಯಾರೂ ಕಿತ್ತುಕೊಳ್ಳುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ: ಹುಬ್ಬಳ್ಳಿಯಲ್ಲೇ ಕೆಲವು ವರ್ಷಗಳ ಹಿಂದೆ ಒಂದು ಮೈದಾನದ ಕಾರ್ಯಕ್ರಮಕ್ಕೆ ಮೊದಲ ತಂಡವನ್ನು ಕೇಳಲೆಂದೇ ಹೋಗಿದ್ದೆ. ವ್ಯವಸ್ಥಾಪಕರು ತಡ ಮಾಡಿದರು, ಆ ಹುಡುಗರು ಗಿಟಾರುಗಳನ್ನು ಹೆಗಲಿಗೆ ಹಾಕಿಕೊಂಡು ವೇದಿಕೆಯ ಮೆಟ್ಟಿಲ ಬಳಿ ಒಂದೂವರೆ ತಾಸು ನಿಂತು, ಕೊನೆಗೆ ಎರಡು ಹಾಡು ನುಡಿಸಿ ಇಳಿದರು. ಟಿಕೆಟ್ಟಿನ ಹಣ ಕೇಳಲು ನನಗೆ ಬಾಯಿಯೇ ಇರಲಿಲ್ಲ, ಏಕೆಂದರೆ ಟಿಕೆಟ್ಟಿನ ಮೇಲಿದ್ದ ದೊಡ್ಡ ಹೆಸರಿನವರು ಬಂದು ಪೂರ್ತಿ ಹಾಡಿದ್ದರಲ್ಲ!

ಇಷ್ಟೆಲ್ಲ ಕೊರತೆಗಳಿದ್ದೂ ಏಕೆ ಹೋಗಬೇಕು ಎನ್ನುವುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯಿಂದ ಕೂಗಳತೆಯಲ್ಲಿರುವ ಕುಂದಗೋಳದಲ್ಲಿ, ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರಿನಲ್ಲಿ, ಅವರ ಸ್ಮರಣೆಗೆ ನಾಡಗೀರ ವಾಡೆಯಲ್ಲಿ ನಡೆಯುವ ಸಂಗೀತಕ್ಕೆ ನಮ್ಮ ಸೋದರಮಾವ ಪ್ರತಿವರ್ಷ ತಪ್ಪದೆ ಹೋಗುತ್ತಿದ್ದರು. ಅಹೋರಾತ್ರಿಯ ಸಂಗೀತದಲ್ಲಿ ಹಿರಿಯರು ಹಾಡುವುದು ಕೊನೆಗೆ, ಬೆಳಗಿನ ಜಾವದ ಲಲಿತ್, ತೋಡಿ ರಾಗಗಳೆಲ್ಲ ಅವರ ಪಾಲಿಗೆ. ಪುಣೆಯಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಇದೇ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಆರಂಭಿಸಿದ ಉತ್ಸವದಲ್ಲಿಯೂ ಎಷ್ಟೋ ವರ್ಷ ಕೊನೆಯ ಹಾಡುಗಾರಿಕೆ ಅವರದೇ ಆಗಿತ್ತು. ಸಂಜೆ ಮೊದಲು ಕೂಡುವ ಎಳೆಯರಿಗೆ ಮಾರವಾ, ಪೂರಿಯಾ ಹಾಡಿಕೊಳ್ಳಲು ಸಿಗುವ ಸಮಯ ಸ್ವಲ್ಪ, ಚಾಪೆಗಳೂ ಇನ್ನೂ ಅರ್ಧ ಖಾಲಿ. ನಮ್ಮ ಮಾವ ಮಾತ್ರ ಆ ಹೊತ್ತಿಗೇ ಹೋಗಿ ಮುಂದೆ ಕೂಡುತ್ತಿದ್ದರು. ಏಕೆಂದು ಕೇಳಿದರೆ, "ದೊಡ್ಡವರು ಹಾಡೋದು ನಮಗ ಗೊತ್ತಿದ್ದದ್ದನ್ನ. ಈ ಹುಡುಗರು ಹೆದರಿಕೊಂತ ಹಾಡ್ತಾರಲ್ಲ, ಅದರಾಗ ಏನು ಬೀಳತದ ಯಾರಿಗೂ ಗೊತ್ತಿರೂದಿಲ್ಲ" ಎನ್ನುತ್ತಿದ್ದರು. ಭೀಮಸೇನರ ವಿಷಯದಲ್ಲಿ ಈ ಮಾತನ್ನು ನಾನು ಒಪ್ಪುವುದಿಲ್ಲ, ಮಾವನೆದುರಿಗೂ ಒಪ್ಪಿರಲಿಲ್ಲ. ಆದರೆ ಅರಮನೆ ಮೈದಾನದಲ್ಲಿ ನೆನಪಾದದ್ದು ಇದೇ ಮಾತು.

ಅಲ್ಲಿನ ಸ್ಥಿತಿ ಹೀಗಿತ್ತು. ನೆಲ ಕೆಸರಾಗಿ ನನ್ನ ಬೂಟಿನ ಅಡಿ ಎರಡು ಕಡೆ ಬಾಯಿಬಿಟ್ಟಿತ್ತು. ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡಕ್ಕೆ ಊರಿನ ಹುಡುಗರೆಂಬ ಅಭಿಮಾನದಿಂದ ಚೆನ್ನಾಗಿಯೇ ಕೂಗು ಸಿಕ್ಕಿತು. ಬಿಫಿ ಕ್ಲೈರೊ ಬಂದಾಗ ನನ್ನ ಸುತ್ತ ನಿಂತಿದ್ದ ಕರಿ ಅಂಗಿಯ ಹುಡುಗರು ನಾಲ್ಕು ಅಕ್ಷರಗಳನ್ನು ಬಿಡಿಸಿ "ಮೆ-ಟಾ-ಲಿ-ಕಾ" ಎಂದು ಕೂಗುತ್ತಲೇ ಇದ್ದರು. ಇದರಲ್ಲಿ ನನಗೆ ವಿಚಿತ್ರವೆನಿಸಿದ್ದು, ಹನ್ನೊಂದು ತಿಂಗಳ ಹಿಂದಷ್ಟೇ, 2010ರ ಡಿಸೆಂಬರಿನಲ್ಲಿ, ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ತಮ್ಮದೇ ಹೆಸರಿನ ಮೇಲೆ ಕಾರ್ಯಕ್ರಮ ಕೊಟ್ಟು, ಅದನ್ನು ಚಿತ್ರೀಕರಿಸಿ ಬಿಡುಗಡೆ ಮಾಡಿದ್ದ ತಂಡವದು. ಅವರ ಒಂದು ಹಾಡು ಬೇರೊಬ್ಬನ ಬಾಯಲ್ಲಿ, ಬೇರೆ ಹೆಸರಿನಲ್ಲಿ ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಇಲ್ಲಿ ಅವರು ಯಾರಿಗೂ ಬೇಡದವರು. ತಮ್ಮದೇ ಅಭಿಮಾನಿಗಳ ನಡುವೆ ಅವರನ್ನು ನೋಡಿದ್ದರೆ ಪ್ರತಿ ಸಾಲನ್ನೂ ಜನರೇ ಹಾಡಿಬಿಡುತ್ತಿದ್ದರು, ತಪ್ಪುಗಳೆಲ್ಲ ಆ ಕೂಗಿನಲ್ಲಿ ಮುಚ್ಚಿಹೋಗುತ್ತಿದ್ದವು. ಇಲ್ಲಿ ಮುಚ್ಚುವವರೇ ಇರಲಿಲ್ಲ. ಹಾಡು ನಡುವೆ ಥಟ್ಟನೆ ನಿಲ್ಲುವ ಜಾಗಗಳಲ್ಲಿ ಸೈಮನ್ ನೀಲ್ ಪಕ್ಕಕ್ಕೆ ತಿರುಗಿ ಬೆನ್‌ನ ಕೈಯನ್ನೇ ನೋಡುತ್ತಿದ್ದ. ಡ್ರಮ್ಸ್ ಕೋಲು ಮೇಲೆ ಹೋದ ಕ್ಷಣದಲ್ಲಿ ಜೇಮ್ಸ್ ಆ ಕಡೆ ನೋಡದೆಯೇ, ಬೆನ್ನು ಮಾಡಿಕೊಂಡೇ, ಸರಿಯಾಗಿ ಸಮಕ್ಕೆ ಬೀಳುತ್ತಿದ್ದ. ಒಂದೇ ತೊಟ್ಟಿಲಿನಲ್ಲಿ ಬೆಳೆದವರ ಲಯ! ಪೆನ್‌ಡ್ರೈವಿನಲ್ಲಿ ನೂರು ಸಲ ಕೇಳಿಯೂ ಎಣಿಕೆ ಸಿಗದಿದ್ದ ಒಂದು ತಿರುವು ಅವತ್ತು ನನಗೆ ಬೆರಳಿನ ಮೇಲೆ ಸಿಕ್ಕಿತು.

ನಾನು ಬೆರಳು ಮಡಚುತ್ತಾ ಎಣಿಸುವುದನ್ನು ಪಕ್ಕದಲ್ಲಿದ್ದ ಶಿವಮೊಗ್ಗದ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಇವ್ರು ಇನ್ನೂ ಎಷ್ಟು ಹಾಡು ಹಾಡ್ತಾರೆ ಅಂತ ಎಣಿಸ್ತಿದೀರಾ ಸಾರ್?" ಎಂದು ಕೇಳಿದ. ಇವರಿಗಾಗಿಯೇ ಧಾರವಾಡದಿಂದ ಬಂದಿದ್ದೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನಿಗೆ ಕೊನೆಯವರೆಗೂ ಅವರು ಹಿಡಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಸ್ನೇಹಕ್ಕಾಗಿ ತಂಡದ ಹೆಸರನ್ನು ತನ್ನ ನೋಕಿಯಾದಲ್ಲಿ ತಪ್ಪಾಗಿ ಬರೆದುಕೊಂಡ.

ಇನ್ನು ಎದ್ದು ಬರುವ ವಿಷಯ. ಸಪೋರ್ಟ್ ಬ್ಯಾಂಡ್ ಮುಗಿದ ಮೇಲೆ ಹೊರಡುವುದರಲ್ಲಿ ತಪ್ಪೇನೂ ಇಲ್ಲ, ನಿಮ್ಮ ಹಣ, ನಿಮ್ಮ ಕಿವಿ. ಆದರೆ ಮುಂದಿನ ಕಟಕಟೆಯ ಬಳಿ ನಿಂತಿದ್ದರೆ ಮುಖ್ಯ ತಂಡ ಬರುವ ಮೊದಲು ಆ ಜಾಗ ಬಿಟ್ಟುಕೊಡಿ. ಆ ತಂಡಕ್ಕಾಗಿಯೇ ಬೆಳಿಗ್ಗೆಯಿಂದ ಸರತಿಯಲ್ಲಿ ನಿಂತವರು ನಿಮ್ಮ ಹಿಂದೆಯೇ ಇರುತ್ತಾರೆ. ಹಾಡು ಶುರುವಾದ ಮೇಲೆ ಮುಂದಿನಿಂದ ಹಿಂದಕ್ಕೆ ಬರುವುದು ಪ್ರವಾಹದ ಎದುರು ಈಜಿದಂತೆ, ಅಪಾಯವೂ ಹೌದು. ನಾನು ಮಾಡಿದ್ದೂ ಹೀಗೆಯೇ: ಶಿವಮೊಗ್ಗದವನನ್ನು ನನ್ನ ಜಾಗಕ್ಕೆ ಎಳೆದು ನಿಲ್ಲಿಸಿ ಹಿಂದಕ್ಕೆ ಹೋದೆ. ಹೊರಟುಬಿಡಬೇಕೆಂದುಕೊಂಡವನು ಚಹಾ ಕುಡಿಯುವಷ್ಟು ಹೊತ್ತು ನಿಂತು ನೋಡೋಣವೆಂದು ನಿಂತೆ. ಮೆಟಾಲಿಕಾದವರೂ ಒಂದು ಕಾಲದಲ್ಲಿ, 1986ರಲ್ಲಿ, ಇಂಗ್ಲೆಂಡಿನ ಹೆವಿ ಮೆಟಲ್ ಹಾಡುಗಾರ ಆಜಿ ಆಸ್ಬರ್ನ್ ಅವರ ಪ್ರವಾಸದಲ್ಲಿ ಬೇರೆಯವರ ಜನರೆದುರು ನುಡಿಸಿದ ಸಪೋರ್ಟ್ ಬ್ಯಾಂಡೇ ಆಗಿದ್ದರು. ಅದಕ್ಕೂ ಹಿಂದೆ, 1967ರಲ್ಲಿ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮಂಕೀಸ್ ಎಂಬ ಪಾಪ್ ತಂಡದ ಮುಂಚೆ ನುಡಿಸಲು ಹೋಗಿ, ಆ ತಂಡದ ಎಳೆಯ ಅಭಿಮಾನಿಗಳ ಕೂಗಾಟಕ್ಕೆ ಬೇಸತ್ತು ಕೆಲವೇ ಪ್ರದರ್ಶನಗಳಲ್ಲಿ ಪ್ರವಾಸವನ್ನೇ ಬಿಟ್ಟುಬಂದ. ಇವೆಲ್ಲ ತಲೆಯಲ್ಲಿದ್ದುದರಿಂದ ಮುಖ್ಯ ತಂಡದ ಮೇಲೆ ನನಗಿದ್ದ ಸಣ್ಣ ಮುನಿಸು ಸಡಿಲಾಯಿತು. ದೂರದಿಂದ ಕೇಳಿದಾಗ ಚೆನ್ನಾಗಿಯೂ ಇತ್ತು. ನಿಜ ಹೇಳಬೇಕೆಂದರೆ ಸದ್ದು ಆ ಸಂಜೆ ಮೊದಲ ಬಾರಿಗೆ ಸರಿಯಾದದ್ದೇ ಆಗ.

ಕೆಲವು ವ್ಯಾವಹಾರಿಕ ಮಾತುಗಳು. ಟಿಕೆಟ್ಟಿನಲ್ಲಿ ಬರೆದಿರುವುದು ಬಹುಮಟ್ಟಿಗೆ ಬಾಗಿಲು ತೆರೆಯುವ ಸಮಯ, ತಂಡಗಳ ಸಮಯವಲ್ಲ. ಹಿಂದಿನ ದಿನ ಆ ತಂಡದ ಪುಟದಲ್ಲಿಯೇ ನೋಡಿ, ಏಕೆಂದರೆ ವ್ಯವಸ್ಥಾಪಕರು ಮರೆತರೂ ನುಡಿಸುವವರು ಅದನ್ನು ಹಾಕಿರುತ್ತಾರೆ. ಸಪೋರ್ಟ್ ಬ್ಯಾಂಡ್ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು, ಅದಕ್ಕೆ ಹಣ ಮರಳಿ ಸಿಗುವುದಿಲ್ಲವೆಂದೇ ತಿಳಿಯಿರಿ. ಮುಖ್ಯ ತಂಡವನ್ನು ಸ್ವಲ್ಪವೂ ಸಹಿಸಲಾಗದು ಎಂದಾದರೆ ಮಾತ್ರ ಎರಡು ಸಲ ಯೋಚಿಸಿ. ತಪಾಸಣೆಯ ಸರತಿಗೆ ಕನಿಷ್ಠ ಒಂದೂವರೆ ತಾಸು ಇಟ್ಟುಕೊಳ್ಳಿ, ತಡವಾಗಿ ಬಂದವರು ಕಳೆದುಕೊಳ್ಳುವುದು ಮೊದಲ ತಂಡವನ್ನೇ. ಮರಳುವ ಗಾಡಿಯನ್ನು ಅದೇ ರಾತ್ರಿಗೆ ಕಾಯ್ದಿರಿಸಬೇಡಿ: ಗಡಿಯಾರ ನೋಡುತ್ತಾ ನಿಂತರೆ ಆ ಅರ್ಧ ತಾಸೂ ದಕ್ಕುವುದಿಲ್ಲ. ಮರುದಿನ ಬೆಳಗಿನ ಜನಶತಾಬ್ದಿಯಲ್ಲಿ ಕಿಟಕಿಯ ಪಕ್ಕ ಕುಳಿತು ಬನ್ನಿ. ಬೂಟು ಮಾತ್ರ ಹಳೆಯದಿರಲಿ.