ಓದುಗರ ಪ್ರಶ್ನೆ: ಪರದೆಯಲ್ಲಿ ಕಂಡ ಬಣ್ಣ ಕಾಗದದ ಮೇಲೆ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ತೆಗೆದ ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ನನ್ನದೇ ಪ್ರಿಂಟರಿನಲ್ಲಿ ಮುದ್ರಿಸುತ್ತೇನೆ. ಪ್ರತಿ ಸಲವೂ ಚಿತ್ರ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಗೆ ಬರುತ್ತದೆ, ಮುಖಗಳು ಕೆಂಪಿಗೆ ತಿರುಗುತ್ತವೆ. ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿಸಿ, ಅಂದರೆ ಅದರ ಬೆಳಕು-ಬಣ್ಣಗಳನ್ನು ನಿಗದಿತ ಮಟ್ಟಕ್ಕೆ ಹೊಂದಿಸಿ ಎಂದು ತಿಳಿದವರು ಹೇಳುತ್ತಾರೆ. ಅದನ್ನು ಕಣ್ಣಳತೆಯಲ್ಲೇ ಮಾಡಿಕೊಳ್ಳಬಹುದೇ, ಉಪಕರಣ ಬೇಕೇ ಬೇಕೇ?

ಉತ್ತರ: ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆಗಳು. ಚಿತ್ರ ಕಪ್ಪಾಗುವುದು ಬೆಳಕಿಗೆ ಸೇರಿದ್ದು, ಮುಖ ಕೆಂಪಾಗುವುದು ಬಣ್ಣಕ್ಕೆ ಸೇರಿದ್ದು. ಮೊದಲನೆಯದನ್ನು ಒಂದು ಮಟ್ಟದವರೆಗೆ ಕಣ್ಣಳತೆಯಲ್ಲೇ ಸರಿಪಡಿಸಿಕೊಳ್ಳಬಹುದು. ಎರಡನೆಯದಕ್ಕೆ ಕಣ್ಣನ್ನು ನಂಬುವಂತಿಲ್ಲ.

ಮುದ್ರಿತ ಚಿತ್ರ ಕಪ್ಪಗೆ ಬಂದಾಗ ಎಲ್ಲರೂ ಪ್ರಿಂಟರನ್ನೇ ದೂರುತ್ತಾರಾದರೂ ಬಹುತೇಕ ಸಂದರ್ಭಗಳಲ್ಲಿ ಕಾರಣ ಮಾನಿಟರಿನ ಅತಿಯಾದ ಬೆಳಕು. ಹೊಸ ಮಾನಿಟರುಗಳನ್ನು ಕಾರ್ಖಾನೆಯಲ್ಲಿ ಕಣ್ಣು ಸೆಳೆಯುವಷ್ಟು ಪ್ರಖರವಾಗಿ ಹೊಂದಿಸಿರುತ್ತಾರೆ. ಚದರ ಮೀಟರಿಗೆ 250 ಕ್ಯಾಂಡೆಲಾಗೂ (ಪರದೆ ಹೊಮ್ಮಿಸುವ ಬೆಳಕಿನ ಅಳತೆ) ಮಿಕ್ಕಿ ಬೆಳಗುವ ಪರದೆ ಈಗ ಅಪರೂಪವೇನಲ್ಲ. ಅಂಥ ಪರದೆಯ ಮುಂದೆ ಕುಳಿತು ತಿದ್ದುವವರು ಚಿತ್ರ ಕಣ್ಣಿಗೆ ಹಿತವೆನಿಸುವವರೆಗೂ ಅದರ ಬೆಳಕನ್ನು ಇಳಿಸುತ್ತಾ ಹೋಗುವುದರಿಂದ, ಕಡತದಲ್ಲಿ ಉಳಿಯುವ ಚಿತ್ರವೇ ನಿಜಕ್ಕೂ ಕಪ್ಪಾಗಿರುತ್ತದೆ, ಪ್ರಿಂಟರ್ ಅದನ್ನು ಇದ್ದ ಹಾಗೆ ಅಚ್ಚೊತ್ತುತ್ತದೆ.

ಕಾಗದಕ್ಕೆ ಸ್ವಂತ ಬೆಳಕಿಲ್ಲ ಎಂಬುದನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 90ರಷ್ಟನ್ನು ಹಿಂದಿರುಗಿಸುವ ಒಳ್ಳೆಯ ಬಿಳಿ ಕಾಗದವನ್ನು 400 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿನಲ್ಲಿ ಹಿಡಿದರೆ ಅದು ಚದರ ಮೀಟರಿಗೆ ಸುಮಾರು 115 ಕ್ಯಾಂಡೆಲಾದಷ್ಟು ಬೆಳ್ಳಗೆ ಕಾಣುತ್ತದೆ. ಅದೇ ಕಾಗದವನ್ನು 150 ಲಕ್ಸಿನ ಮಬ್ಬು ಕೋಣೆಗೆ ಒಯ್ದರೆ 43ಕ್ಕೆ ಇಳಿಯುತ್ತದೆ. ಮುದ್ರಣಕ್ಕಾಗಿ ಕೆಲಸ ಮಾಡುವವರು ಮಾನಿಟರನ್ನು 80ರಿಂದ 120 ಕ್ಯಾಂಡೆಲಾದ ಒಳಗೆ ಇಟ್ಟುಕೊಳ್ಳುವುದು ಈ ಕಾರಣಕ್ಕೇ. ಮಬ್ಬು ಗೋಡೆಯ ಮೇಲೆ ತೂಗುಹಾಕುವ ಚಿತ್ರವನ್ನು ತುಸು ತಿಳಿಯಾಗಿಯೇ ಮುದ್ರಿಸಬೇಕಾಗುವುದೂ ಇದರಿಂದಲೇ.

ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆ ಹೀಗಿದೆ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದು ಖಾಲಿ ಬಿಳಿ ಪುಟ ತೆರೆಯಿರಿ. ನೀವು ಮುದ್ರಣಕ್ಕೆ ಬಳಸುವ ಕಾಗದದ ಖಾಲಿ ಹಾಳೆಯನ್ನು ಮಾನಿಟರಿನ ಪಕ್ಕದಲ್ಲಿ, ಮುದ್ರಿತ ಚಿತ್ರಗಳನ್ನು ನೀವು ಪರಿಶೀಲಿಸುವ ದೀಪದ ಕೆಳಗೇ ಹಿಡಿಯಿರಿ. ಪರದೆಯ ಬಿಳುಪು ಹಾಳೆಯ ಬಿಳುಪಿಗಿಂತ ಹೊಳೆಯುತ್ತಿದ್ದರೆ ಎರಡೂ ಸಮನಾಗುವವರೆಗೆ ಬ್ರೈಟ್‌ನೆಸ್ ಇಳಿಸಿ. ಮೊದಲ ದಿನ ಪರದೆ ಮಂಕಾಯಿತೆಂದು ಬೇಸರವಾಗುತ್ತದೆ. ದಯವಿಟ್ಟು ಮತ್ತೆ ಏರಿಸಬೇಡಿ, ಕಣ್ಣು ಬೇಗನೆ ಒಗ್ಗಿಕೊಳ್ಳುತ್ತದೆ.

ಹೀಗೆ ಒಗ್ಗಿಕೊಳ್ಳುವ ಗುಣವೇ ಬಣ್ಣದ ವಿಷಯದಲ್ಲಿ ನಮಗೆ ಅಡ್ಡಿಯಾಗುತ್ತದೆ. ನೀಲಿಗೆ ವಾಲಿದ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರೆ ಕಣ್ಣು ಅದನ್ನೇ ಬಿಳಿಯೆಂದು ಒಪ್ಪಿಕೊಳ್ಳುವುದರಿಂದ, ಬಣ್ಣವನ್ನು ಅಳೆಯಲು ಕಲರಿಮೀಟರ್ ಎಂಬ ಪುಟ್ಟ ಉಪಕರಣ ಬೇಕು. ಅದನ್ನು ಪರದೆಗೆ ಒರಗಿಸಿ ತೂಗುಬಿಟ್ಟರೆ, ಅದರ ತಂತ್ರಾಂಶವು ಮೌಲ್ಯ ಗೊತ್ತಿರುವ ಬಣ್ಣದ ಚೌಕಗಳನ್ನು ಒಂದಾದ ಮೇಲೊಂದರಂತೆ ತೋರಿಸಿ ಪರದೆ ನಿಜವಾಗಿ ಹೊಮ್ಮಿಸಿದ್ದೇನೆಂದು ಅಳೆಯುತ್ತದೆ. ಮೊದಲು ಬೆಳಕು, ಬಿಳುಪು ಮತ್ತು ಗ್ಯಾಮಾಗಳನ್ನು (ಕಪ್ಪಿಗೂ ಬಿಳುಪಿಗೂ ನಡುವಿನ ಛಾಯೆಗಳು ಎಷ್ಟು ತಿಳಿಯಾಗಿ ಕಾಣಬೇಕೆಂಬ ಅಳತೆ) ನಿಗದಿತ ಮಟ್ಟಕ್ಕೆ ತರುತ್ತದೆ, ಇದು ಕ್ಯಾಲಿಬ್ರೇಷನ್. ಬಳಿಕ ಆ ಪರದೆಯ ಗುಣಲಕ್ಷಣವನ್ನು ಐಸಿಸಿ ಪ್ರೊಫೈಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಬೇರೆ ಬೇರೆ ತಯಾರಕರ ಸಾಧನಗಳು ಬಣ್ಣದ ಬಗ್ಗೆ ಒಂದೇ ಭಾಷೆಯಲ್ಲಿ ವ್ಯವಹರಿಸಲೆಂದು 1993ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಮ್ ರೂಪಿಸಿದ ವ್ಯವಸ್ಥೆ ಇದು. ಬಿಳುಪಿಗೆ 6500 ಕೆಲ್ವಿನ್ ಆಸುಪಾಸಿನ ಡಿ65 (ಹಗಲ ಬೆಳಕಿನಂಥ ಬಿಳುಪಿನ ಮಾನದಂಡ), ಗ್ಯಾಮಾ 2.2, ಬೆಳಕು 100 ಕ್ಯಾಂಡೆಲಾ ಎಂದು ಕೊಟ್ಟು ಆರಂಭಿಸಿ. ಅಳತೆಗೆ ಮೊದಲು ಮಾನಿಟರ್ ಅರ್ಧ ಗಂಟೆ ಉರಿದಿರಲಿ. ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನೂ ತಾನಾಗಿ ಬೆಳಕು ಏರಿಳಿಸುವ ಸೌಲಭ್ಯವನ್ನೂ ಬಂದ್ ಮಾಡಿಡದಿದ್ದರೆ ಇಡೀ ಅಳತೆಯೇ ವ್ಯರ್ಥ.

ಆದರೆ ಮುಖ ಕೆಂಪಾಗುವುದಕ್ಕೆ ಮಾನಿಟರೊಂದನ್ನೇ ಹೊಣೆ ಮಾಡಲಾಗದು. ಬಣ್ಣದ ಪರಿವರ್ತನೆಯನ್ನು ಚಿತ್ರ ತಿದ್ದುವ ತಂತ್ರಾಂಶವೂ ಪ್ರಿಂಟರಿನ ಡ್ರೈವರೂ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಎರಡೂ ಮಾಡಿದಾಗ ಚರ್ಮದ ಬಣ್ಣ ಕೆಂಪಿಗೋ ಕೆನ್ನೀಲಿಗೋ ಜಾರುವುದು ಸಾಮಾನ್ಯ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ನಿಮ್ಮ ಕಾಗದದ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಮೂಡುತ್ತದೆಂದು ಬರೆದಿಟ್ಟ ಕಡತ) ಆಯ್ದುಕೊಂಡಿದ್ದರೆ ಡ್ರೈವರಿನಲ್ಲಿ ಬಣ್ಣದ ನಿರ್ವಹಣೆಯನ್ನು ಕಡ್ಡಾಯವಾಗಿ ಬಂದ್ ಮಾಡಬೇಕು. ಆ ಪ್ರೊಫೈಲ್ ಕೂಡ ಆ ಪ್ರಿಂಟರ್, ಆ ಇಂಕು, ಆ ಕಾಗದ ಮೂರಕ್ಕೂ ಹೊಂದುವಂಥದ್ದೇ ಆಗಿರಬೇಕು.

ಪ್ರಶ್ನೆ: ಉಪಕರಣದಿಂದಲೇ ಕ್ಯಾಲಿಬ್ರೇಟ್ ಮಾಡಿದ್ದೇನೆ. ಆದರೂ ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಗಾಢ ನೀಲಿ ಮತ್ತು ಎಳೆ ಹಸಿರು ಸಪ್ಪೆಯಾಗುತ್ತವೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ಎಲ್ಲೂ ಇಲ್ಲದಿರಬಹುದು. ಪರದೆ ತೋರಿಸಬಲ್ಲ ಕೆಲವು ಬಣ್ಣಗಳನ್ನು ಇಂಕು ಮತ್ತು ಕಾಗದ ಸೇರಿ ಹುಟ್ಟಿಸಲಾರವು. ಮ್ಯಾಟ್ ಕಾಗದದಲ್ಲಿ ಕಪ್ಪು ಕೂಡ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಇದನ್ನು ಮುದ್ರಿಸುವ ಮೊದಲೇ ತಿಳಿಯುವ ದಾರಿ ಸಾಫ್ಟ್ ಪ್ರೂಫ್, ಅಂದರೆ ಮುದ್ರಿತ ಚಿತ್ರ ಹೇಗೆ ಬರಲಿದೆಯೆಂದು ಪರದೆಯಲ್ಲೇ ತೋರಿಸುವ ತಂತ್ರಾಂಶದ ಸೌಲಭ್ಯ. ಕಾಗದದ ಪ್ರೊಫೈಲನ್ನು ಆಯ್ದುಕೊಂಡು ಇದನ್ನು ಚಾಲೂ ಮಾಡಿದೊಡನೆ ಚಿತ್ರ ಜೀವ ಕಳೆದುಕೊಂಡಂತೆ ಕಾಣುವುದರಿಂದ ಅನೇಕರು ಗಾಬರಿಯಾಗಿ ತಕ್ಷಣ ಬಂದ್ ಮಾಡಿಬಿಡುತ್ತಾರೆ. ಚಾಲೂ ಮಾಡುವಾಗ ದೃಷ್ಟಿಯನ್ನು ಬೇರೆಡೆ ತಿರುಗಿಸಿ, ಪರದೆಯಲ್ಲಿರುವ ಇತರ ಬಿಳಿ ಕಿಟಕಿಗಳನ್ನು ಮುಚ್ಚಿ, ಕೆಲವು ಕ್ಷಣ ಬಿಟ್ಟು ನೋಡಿ. ಬಳಿಕ ಚಿತ್ರದ ಬಣ್ಣಗಳನ್ನು ಕಾಗದದ ಮಿತಿಗೆ ಹೊಂದಿಸುವ ಪರ್ಸೆಪ್ಚುವಲ್ ಮತ್ತು ರಿಲೇಟಿವ್ ಕಲರಿಮೆಟ್ರಿಕ್ ಎಂಬ ಎರಡು ವಿಧಾನಗಳನ್ನೂ ಹೋಲಿಸಿ. ಮೊದಲನೆಯದು ನಿಲುಕದ ಬಣ್ಣಗಳಿಗೆ ಎಡೆ ಮಾಡಿಕೊಡಲು ಎಲ್ಲ ಬಣ್ಣಗಳನ್ನೂ ಒಟ್ಟಾಗಿ ಕುಗ್ಗಿಸುತ್ತದೆ. ಎರಡನೆಯದು ನಿಲುಕುವ ಬಣ್ಣಗಳನ್ನು ಉಳಿಸಿಕೊಂಡು ನಿಲುಕದವನ್ನು ಮಾತ್ರ ಅಂಚಿಗೆ ತಂದು ನಿಲ್ಲಿಸುತ್ತದೆ. ಹೂವಿನ ಎಸಳುಗಳಂಥ ಗಾಢ ಬಣ್ಣದ ನವಿರು ವಿವರಗಳಿದ್ದಲ್ಲಿ ಮೊದಲನೆಯದು, ಮುಖಗಳಿದ್ದಲ್ಲಿ ಎರಡನೆಯದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಪ್ರಶ್ನೆ: ಚಿತ್ರ ಮುದ್ರಿಸಿಕೊಡುವ ಲ್ಯಾಬಿಗೆ ಕೊಡುವ ಕಡತ ಎಸ್‌ಆರ್‌ಜಿಬಿಯಲ್ಲಿರಬೇಕೇ, ಅಡೋಬಿ ಆರ್‌ಜಿಬಿಯಲ್ಲೇ?

ಉತ್ತರ: ಇವೆರಡೂ ಕಡತದಲ್ಲಿ ಯಾವ ಯಾವ ಬಣ್ಣಗಳಿರಬಹುದೆಂದು ಗೊತ್ತುಪಡಿಸುವ ಬಣ್ಣದ ವ್ಯಾಪ್ತಿಗಳು. ಲ್ಯಾಬಿನವರು ಬೇರೆ ಏನನ್ನೂ ಸೂಚಿಸದಿದ್ದರೆ ಎಸ್‌ಆರ್‌ಜಿಬಿಯಲ್ಲಿ, ಪ್ರೊಫೈಲನ್ನು ಕಡತದೊಳಗೇ ಸೇರಿಸಿ ಕೊಡಿ. ಅಡೋಬಿ ಆರ್‌ಜಿಬಿ ಹೆಚ್ಚು ವಿಶಾಲವಾದುದು ನಿಜ. ಆದರೆ ಪ್ರೊಫೈಲನ್ನು ಓದದ ಯಂತ್ರಕ್ಕೆ ಅದನ್ನು ಕೊಟ್ಟರೆ ಇಡೀ ಚಿತ್ರ ಬಣ್ಣಗೆಟ್ಟು ಬರುತ್ತದೆ. ಲ್ಯಾಬಿನ ಯಂತ್ರ ತಾನಾಗಿ ಬಣ್ಣ ತಿದ್ದದಂತೆ ನೋಡಿಕೊಳ್ಳಲು ಮರೆಯದೆ ಹೇಳಿ, ಮೊದಲು ಒಂದು ಚಿಕ್ಕ ಪ್ರತಿಯನ್ನು ಮುದ್ರಿಸಿ ತರಿಸಿಕೊಳ್ಳಿ.